ಮನೆತನದ ಲೆಕ್ಕ

ನನ್ನ ತಂಗಿಯ ಮಗಳು ಮಾಲೂರಿನಿಂದ ನಮ್ಮ ಶ್ರೀನಿವಾಸಪುರಕ್ಕೆ ಬಂದಳೆಂದರೆ ಮಾವಿನಹಣ್ಣಿನ ಕಾಲ ಬಂತೆಂದೇ ಲೆಕ್ಕ. ಬಂದವಳೇ ಬುಟ್ಟಿಯ ಮುಂದೆ ಕೂತು ರಸಪುರಿ ಯಾವುದು, ಬಾದಾಮಿ ಯಾವುದು ಎಂದು ಮೂಸಿ ನೋಡುವುದು ಅವಳ ಅಭ್ಯಾಸ. ಈ ಸಲ ಮಾತ್ರ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಒಂದು ನೋಟ್‌ಬುಕ್ಕನ್ನು ಎದೆಗವಚಿಕೊಂಡು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಳು.

“ದೊಡ್ಡಮ್ಮ, ಕಾಲೇಜಿನಲ್ಲಿ ಭಾಷಣ ಮಾಡಬೇಕು. ಒಂದು ಫೈಟರ್ ಸ್ಕ್ವಾಡ್ರನ್ನಿನ ಇತಿಹಾಸ. ವಿಷಯ ಎಲ್ಲಾ ಬರೆದಿದ್ದೀನಿ, ಕನ್ನಡ ನೀವು ತಿದ್ದಿಕೊಡಿ” ಎಂದಳು.

ಪಿ.ಯು.ಸಿ. ಓದುವ ಹುಡುಗಿ. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ 2018ರಲ್ಲಿ ಫೈಟರ್ ಪೈಲಟ್ ಆದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಆಗ ಇವಳಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು. ಅಂದಿನಿಂದ ಒಂದೇ ಹಟ. ನನಗೋ ಯುದ್ಧವಿಮಾನವೆಂದರೆ ಗೊತ್ತಿದ್ದುದು ಇಷ್ಟೆ: ಮಾಲೂರಿನಲ್ಲಿ ತಂಗಿಯ ಮನೆಯ ತಾರಸಿಯ ಮೇಲೆ ಹಪ್ಪಳ ಒಣಗಹಾಕುವಾಗ ಬೆಂಗಳೂರಿನ ಕಡೆಯ ಆಕಾಶದಿಂದ ಗುಡುಗಿನಂಥ ಸದ್ದು ಬರುತ್ತದೆ; ತಲೆಯೆತ್ತಿ ನೋಡುವಷ್ಟರಲ್ಲಿ ಏನೂ ಇರುವುದಿಲ್ಲ. ಆದರೂ ಕನ್ನಡ ತಿದ್ದುವುದಕ್ಕೆ ವಿಮಾನ ಹಾರಿಸಲು ಬರಬೇಕಾಗಿಲ್ಲವಲ್ಲ. ಸೆರಗಿಗೆ ಕೈ ಒರೆಸಿಕೊಂಡು ನೋಟ್‌ಬುಕ್ ತೆಗೆದುಕೊಂಡೆ.

ಅವಳು ಆರಿಸಿಕೊಂಡದ್ದು ನಮ್ಮ ವಾಯುಪಡೆಯ 45ನೆಯ ಸ್ಕ್ವಾಡ್ರನ್. ‘ಫ್ಲೈಯಿಂಗ್ ಡ್ಯಾಗರ್ಸ್’ ಎಂದು ಅದರ ಹೆಸರು. ಹಾರುವ ಕಠಾರಿಗಳು ಎಂದು ಕನ್ನಡ ಮಾಡಿಕೊಟ್ಟೆ. ಅಷ್ಟು ಸ್ಕ್ವಾಡ್ರನ್ನುಗಳಿರುವಾಗ ಇದನ್ನೇ ಏಕೆ ಹಿಡಿದೆ ಎಂದು ಕೇಳಿದೆ.

“ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು ದೊಡ್ಡಮ್ಮ. 2016ರ ಜುಲೈ 1. ತೇಜಸ್ ವಿಮಾನದ ಮೊದಲನೇ ಸ್ಕ್ವಾಡ್ರನ್. ಎರಡೇ ವಿಮಾನದಿಂದ ಶುರುವಾಯಿತು. ಪೂಜೆ ಮಾಡಿ ತೆಂಗಿನಕಾಯಿ ಒಡೆದರಂತೆ.”

“ಹುಟ್ಟಿದ್ದು 2016ರಲ್ಲಿ ಅಂತೀಯ. ಇಲ್ಲಿ 1959 ಅಂತ ಬರೆದಿದ್ದೀಯಲ್ಲೇ?”

“ಅದು ಮೊದಲಿದ್ದದ್ದು. 2002ರಲ್ಲಿ ಮುಚ್ಚಿದರು. ಆದರೆ ನಂಬರನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದೇ ನಂಬರು, ಅದೇ ಹೆಸರು ತೇಜಸ್‌ಗೆ ಕೊಟ್ಟರು.”

ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ದೇವರ ಗೂಡಿನಲ್ಲಿಟ್ಟುಕೊಂಡು, ಹದಿನಾಲ್ಕು ವರ್ಷದ ಮೇಲೆ ಮೊಮ್ಮಕ್ಕಳ ಕೈಯಲ್ಲಿ ತೆಗೆಸಿದ ಹಾಗೆ ಎಂದುಕೊಂಡೆ. ಹೀಗೆ ಹೋಲಿಸಿಕೊಂಡ ಮೇಲೆ ಅವಳ ಭಾಷಣ ನನಗೆ ಚೆನ್ನಾಗಿ ಅರ್ಥವಾಗತೊಡಗಿತು.

ನೀವೇ ಯೋಚಿಸಿ ನೋಡಿ. 1959ರ ಆ ಸ್ಕ್ವಾಡ್ರನ್ನಿನಲ್ಲಿದ್ದದ್ದರಲ್ಲಿ ಇಂದಿನದರಲ್ಲಿ ಏನು ಉಳಿದಿದೆ? ಆಗ ಇದ್ದದ್ದು ವ್ಯಾಂಪೈರ್ ವಿಮಾನಗಳು. ಆಮೇಲೆ ಮಿಗ್-21 ಬಂದವು. ಈಗ ತೇಜಸ್. ಆಗ ಹಾರಿಸುತ್ತಿದ್ದವರಲ್ಲಿ ಯಾರೂ ಈಗ ಅಲ್ಲಿಲ್ಲ. ಊರೂ ಒಂದೇ ಅಲ್ಲ: 1965ರ ಯುದ್ಧದಲ್ಲಿ ಪಠಾಣ್‌ಕೋಟ್, 1999ರಲ್ಲಿ ಗುಜರಾತಿನ ಕಛ್‌ನ ನಲಿಯಾ, 2016ರಲ್ಲಿ ಬೆಂಗಳೂರು, 2018ರಿಂದ ಕೊಯಮತ್ತೂರಿನ ಹತ್ತಿರದ ಸೂಲೂರು. ಯಂತ್ರ ಬದಲಾಯಿತು, ಜನ ಬದಲಾದರು, ಜಾಗ ಬದಲಾಯಿತು. ಆದರೂ ಅದು ಅದೇ ಎನ್ನುತ್ತೇವೆ.

ಹೆಂಗಸರಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ನಾನು 1985ರಲ್ಲಿ ಕೋಲಾರದಿಂದ ಈ ಮನೆಗೆ ಸೊಸೆಯಾಗಿ ಬಂದೆ. ಆಗ ಇದ್ದ ಹೆಂಚು ಹೋಗಿ ತಾರಸಿ ಬಂತು. ಬಾವಿ ಬತ್ತಿತು, ಬೋರ್‌ವೆಲ್ ಬಂತು, ಅದೂ ಬತ್ತಿತು. ಮಾವನವರು ಹೋದರು, ಅತ್ತೆಯವರು ಹೋದರು, ಮಕ್ಕಳು ಬೆಂಗಳೂರು ಸೇರಿದರು. ಇಂದು ಈ ಮನೆಯಲ್ಲಿ ಹಗಲೆಲ್ಲ ಓಡಾಡುವವಳು ಈ ಮನೆಯಲ್ಲಿ ಹುಟ್ಟಿಯೇ ಇಲ್ಲದ ನಾನು. ಆದರೂ ಯಾರಾದರೂ ಬಂದರೆ “ನಮ್ಮ ಮನೆಯಲ್ಲಿ ಲಾಗಾಯ್ತಿನಿಂದ ಹೀಗೇ” ಎಂದು ಧಾರಾಳವಾಗಿ ಹೇಳುತ್ತೇನೆ. ನನಗಿಂತ ಎಪ್ಪತ್ತು ವರ್ಷ ಹಿರಿಯದಾದ ಪದ್ಧತಿಗೆ ‘ನಮ್ಮ’ ಎನ್ನಲು ನನಗೆ ಒಂದು ಚೂರೂ ಸಂಕೋಚವಿಲ್ಲ. ಪಟ್ಟದ ಬೊಂಬೆಗಳ ಜೊತೆಗೆ ಈ ‘ನಮ್ಮ’ ಎಂಬ ಮಾತನ್ನೂ ಅತ್ತೆಯವರು ನನ್ನ ಕೈಗೆ ಕೊಟ್ಟುಹೋದರು.

ಹುಡುಗಿಯ ಭಾಷಣದ ತುಂಬ ಈ ‘ನಮ್ಮ’ ಇತ್ತು. ನಮ್ಮ ಕಠಾರಿಗಳು, ನಮ್ಮ ಶೌರ್ಯ, ನಮ್ಮ ಪರಂಪರೆ. ಕಾಗುಣಿತ ತಿದ್ದಿಯಾದ ಮೇಲೆ, ಅವಳು ವಿಷಯ ಸಂಗ್ರಹಿಸಿದ್ದ ಹಾಳೆಗಳನ್ನು ಸುಮ್ಮನೆ ತಿರುವಿದೆ. ಕೆಲವು ಭಾಗಗಳಿಗೆ ಅಡಿಗೆರೆ ಎಳೆದಿದ್ದಳು. ಎರಡು ಭಾಗಗಳ ಮೇಲೆ ಪೆನ್ಸಿಲ್ಲಿನಿಂದ ಕಾಟು ಹಾಕಿದ್ದಳು. ನಮ್ಮ ಕಣ್ಣು ಹೋಗುವುದೇ ಕಾಟು ಹಾಕಿದ ಕಡೆಗೆ ತಾನೆ?

ಮೊದಲನೆಯದು 1965ರ ಸೆಪ್ಟೆಂಬರ್ 1ರ ಸಂಜೆ. ಜಮ್ಮುವಿನ ಛಾಂಬ್ ಕಡೆಯಿಂದ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿ ಬಂದಿದ್ದವು. ಭೂಸೇನೆ ಸಹಾಯ ಕೇಳಿತು. ಪಠಾಣ್‌ಕೋಟಿನಿಂದ ಈ ಸ್ಕ್ವಾಡ್ರನ್ನಿನ ವ್ಯಾಂಪೈರುಗಳು ಹೊರಟವು. ವ್ಯಾಂಪೈರ್ ನಮ್ಮ ವಾಯುಪಡೆಯ ಮೊದಲ ಜೆಟ್ ವಿಮಾನ, 1948ರಲ್ಲಿ ಬಂದದ್ದು. 1965ರ ಹೊತ್ತಿಗೆ ಅದಕ್ಕೆ ವಯಸ್ಸಾಗಿತ್ತು. ಎದುರಿಗಿದ್ದ ಸೇಬರ್ ವಿಮಾನಗಳು ಅದಕ್ಕಿಂತ ವೇಗದವು. ಒಂದೇ ಸಂಜೆ ನಾಲ್ಕು ವ್ಯಾಂಪೈರ್ ಬಿದ್ದವು, ಮೂವರು ಪೈಲಟ್‌ಗಳು ಸತ್ತರು. ಅದಾದ ಮೇಲೆ ವ್ಯಾಂಪೈರುಗಳನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿಕೊಂಡರು.

ಈ ವ್ಯಾಂಪೈರ್ ನಮಗೆ ಅಷ್ಟೇನೂ ಪರಕೀಯವಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಾಯದಿಂದ 1940ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲೇ ಪರವಾನಗಿ ಪಡೆದು ಇದನ್ನು ಕಟ್ಟುತ್ತಿದ್ದರು. ಅದರ ಮೂತಿಯ ಭಾಗ, ಎಂದರೆ ಪೈಲಟ್ ಕೂರುವ ಭಾಗ, ಮರದ್ದು. ತೆಳುವಾದ ಹಲಗೆಗಳನ್ನು ಅಂಟಿಸಿ ಮಾಡಿದ್ದು. ಅದನ್ನು ಮೊದಲು ರೂಪಿಸಿದ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿ ಅದಕ್ಕೂ ಹಿಂದೆ ಮಾಸ್ಕಿಟೋ ಎಂಬ ಮರದ ವಿಮಾನ ಮಾಡಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಕೋಲಾರದಲ್ಲೂ ಒಂದು ವಿಮಾನ ನೆಲೆಯಿತ್ತು. 1944ರಲ್ಲಿ ಬ್ರಿಟಿಷರ 82ನೆಯ ಸ್ಕ್ವಾಡ್ರನ್ ಮಾಸ್ಕಿಟೋ ಹಾರಿಸುವುದನ್ನು ಕಲಿಯಲು ಬಂದು ತಂಗಿದ್ದು ಅಲ್ಲಿಯೇ. ಈ ದೇಶದ ಸೆಕೆ ತೇವಗಳಿಗೆ ಆ ಮರದ ವಿಮಾನಗಳ ರೆಕ್ಕೆಯ ಅಂಟು ಬಿಡತೊಡಗಿ, ಅದೇ ವರ್ಷದ ಕೊನೆಗೆ ಅವನ್ನು ಕೆಲವು ಕಾಲ ಹಾರಿಸದೆ ನಿಲ್ಲಿಸಬೇಕಾಯಿತು. ಬಡಗಿಯ ಕೆಲಸ, ಗೋಂದಿನ ಕೆಲಸ. ಅದರೊಳಗೆ ಯಾರದೋ ಮಗ ಕೂತಿರುತ್ತಾನೆ.

“ಇದನ್ನೇಕೆ ಬಿಟ್ಟೆ?” ಎಂದೆ.

“ಅದು ಸೋತದ್ದಲ್ವಾ ದೊಡ್ಡಮ್ಮ. ಭಾಷಣದಲ್ಲಿ ಸೋತದ್ದು ಹೇಳಿದರೆ ಚೆನ್ನಾಗಿರಲ್ಲ.”

ಎರಡನೆಯ ಕಾಟು 1999ರ ಆಗಸ್ಟ್ 10ರ ಮೇಲಿತ್ತು. ಕಾರ್ಗಿಲ್ ಯುದ್ಧ ಮುಗಿದು ಎರಡು ವಾರವಾಗಿತ್ತಷ್ಟೆ. ಕಛ್‌ನ ಗಡಿಯಲ್ಲಿ ಪಾಕಿಸ್ತಾನದ ನೌಕಾಪಡೆಯ ಅಟ್ಲಾಂಟಿಕ್ ಎಂಬ ದೊಡ್ಡ ವಿಮಾನವೊಂದು ಕಾಣಿಸಿತು. ಈ ಸ್ಕ್ವಾಡ್ರನ್ನಿನ ಎರಡು ಮಿಗ್-21 ವಿಮಾನಗಳು ಅದನ್ನು ಎದುರಿಸಲು ಹೋದವು. ಒಂದರಿಂದ ಹೊರಟ ಕ್ಷಿಪಣಿಗೆ ಅದು ಉರುಳಿತು. ಅದರಲ್ಲಿದ್ದ 16 ಜನರೂ ಸತ್ತರು. ಅದು ನಮ್ಮ ಗಡಿಯೊಳಗೆ ನುಗ್ಗಿತ್ತು, ಎಚ್ಚರಿಕೆಗೆ ಬಗ್ಗಲಿಲ್ಲ ಎಂದು ಭಾರತ ಹೇಳಿತು. ತರಬೇತಿಗಾಗಿ ತಮ್ಮ ಗಡಿಯೊಳಗೇ ಹಾರುತ್ತಿತ್ತು ಎಂದು ಪಾಕಿಸ್ತಾನ ಹೇಳಿತು. ಗಡಿಯಿಂದ 10 ಕಿಲೋಮೀಟರಿನೊಳಗೆ ಯುದ್ಧವಿಮಾನಗಳು ಹಾರಬಾರದೆಂದು 1991ರಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡಿದ್ದವು. ಅದನ್ನು ಮುರಿದವರು ನೀವು ಎಂದು ಇವರು ಅವರಿಗೂ ಅವರು ಇವರಿಗೂ ಹೇಳಿಕೊಂಡರು. ಪಾಕಿಸ್ತಾನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಈ ವ್ಯಾಜ್ಯವನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು 2000ದ ಜೂನ್‌ನಲ್ಲಿ ನ್ಯಾಯಾಲಯ ಹೇಳಿತು. ಅಲ್ಲಿಗೆ ಮುಗಿಯಿತು. ಯಾರದು ಸರಿ, ಯಾರದು ತಪ್ಪು ಎಂದು ಯಾವ ಕಟಕಟೆಯಲ್ಲೂ ತೀರ್ಮಾನವಾಗಲಿಲ್ಲ.

“ಇದು ಸೋತದ್ದಲ್ಲವಲ್ಲ, ಇದನ್ನೇಕೆ ಬಿಟ್ಟೆ?”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಮೊದಲು ಬರೆದಿದ್ದೆ. ಆಮೇಲೆ ಹದಿನಾರು ಅನ್ನೋದನ್ನ ಬಾಯಲ್ಲಿ ಹೇಳಿ ನೋಡಿದೆ. ಚಪ್ಪಾಳೆ ಹೊಡೀತಾರೆ ಅನ್ನಿಸಿತು. ಹೊಡೆಯೋದು ಬೇಡ ಅನ್ನಿಸಿತು. ಅದಕ್ಕೇ ಬಿಟ್ಟೆ” ಎಂದಳು. ಆಮೇಲೆ ಮುಖ ಗಂಟಿಕ್ಕಿಕೊಂಡು, “ಅದೇನು ನಾನು ಮಾಡಿದ್ದಾ ದೊಡ್ಡಮ್ಮ? ನಾನು ಆಗ ಹುಟ್ಟೇ ಇರಲಿಲ್ಲ” ಎಂದಳು.

ಈ ಮಾತನ್ನು ನಾನು ಇದೇ ಮನೆಯಲ್ಲಿ ಮೊದಲೂ ಕೇಳಿದ್ದೆ. ಅದನ್ನು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ.

ನಾನು ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ ಗಮನಿಸಿದ್ದೆ. ಪ್ರತಿವರ್ಷ ನಮ್ಮ ತೋಪಿನಲ್ಲಿ ಹಣ್ಣು ಇಳಿಸುವ ಕಾಲಕ್ಕೆ ಮುಳಬಾಗಿಲಿನ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ಬರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ತೋಪಿನ ಮೂಡಣ ಮೂಲೆಯಲ್ಲಿರುವ ಎರಡು ಬೇನಿಶಾ ಮರಗಳ ಕೆಳಗೆ ಸ್ವಲ್ಪ ಹೊತ್ತು ಕೂತು, ಮನೆಯ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅತ್ತೆಯವರು ಮಾತಾಡದೆ ಅವರ ಮಡಿಲಿಗೆ ಹಣ್ಣು ಹಾಕುತ್ತಿದ್ದರು. ಮಾವನವರು ಆ ದಿನ ಹಿತ್ತಲ ಕಡೆಗೇ ಬರುತ್ತಿರಲಿಲ್ಲ. “ನಮ್ಮ ಮನೆಯಿಂದ ಬರಿಗೈಲಿ ಹೋದವರಿಲ್ಲ” ಎಂಬುದು ಈ ಮನೆತನದ ಹೆಮ್ಮೆಯ ಮಾತು. ಇದೂ ಅದರ ಒಂದು ಭಾಗವೆಂದು ನಾನೂ ಹೆಮ್ಮೆಪಟ್ಟಿದ್ದೆ.

ಅತ್ತೆಯವರು ಹೋಗುವ ಮುಂಚೆ ನನ್ನ ಹತ್ತಿರ ಹೇಳಿದರು. ಆ ಮೂಲೆಯ ಹನ್ನೆರಡು ಗುಂಟೆ ಆ ಹೆಂಗಸಿನ ತಂದೆಯದು. ಮಗಳ ಮದುವೆಗೆಂದು ಆತ ಅದನ್ನು ನಮ್ಮ ಮಾವನವರ ತಂದೆಗೆ ಮುನ್ನೂರು ರೂಪಾಯಿಗೆ ಭೋಗ್ಯಕ್ಕೆ ಹಾಕಿದ್ದ. ವಾಯಿದೆಗೆ ಸರಿಯಾಗಿ ದುಡ್ಡು ತಂದುಕೊಟ್ಟ. ಪತ್ರ ಆಮೇಲೆ ಕೊಡುತ್ತೇನೆಂದರು. ಅದೇ ಮಳೆಗಾಲದಲ್ಲಿ ಆತ ಸತ್ತುಹೋದ. ಪತ್ರ ಪೆಟ್ಟಿಗೆಯಲ್ಲೇ ಉಳಿಯಿತು, ಜಮೀನು ತೋಪಿನೊಳಗೇ ಉಳಿಯಿತು.

ಅತ್ತೆಯವರ ಹದಿಮೂರು ದಿನ ಕಳೆದ ಮೇಲೆ ನಮ್ಮವರಿಗೆ ಇದನ್ನು ಹೇಳಿದೆ. ಅವರು ಒಳ್ಳೆಯವರು. ಯಾರ ಒಂದು ಕಾಸನ್ನೂ ಮುಟ್ಟಿದವರಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಅದೇನು ನಾನು ಮಾಡಿದ್ದಾ? ನಾನು ಆಗ ಹುಟ್ಟೇ ಇರಲಿಲ್ಲ” ಎಂದರು. ನಾನೂ ಸುಮ್ಮನಾದೆ. ಎಷ್ಟು ವರ್ಷ ಸುಮ್ಮನಿದ್ದೆ ಎಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಹತ್ತು ವರ್ಷ. ಆ ಅಮ್ಮ ಬರುವುದನ್ನು ನಿಲ್ಲಿಸಿದ ಮೇಲೆ ಸುಮ್ಮನಿರುವುದು ಇನ್ನೂ ಸುಲಭವಾಯಿತು.

ಈಗ ಹುಡುಗಿಯ ಬಾಯಲ್ಲಿ ಅದೇ ಮಾತು ಕೇಳಿದಾಗ ಅದರಲ್ಲಿ ಎಲ್ಲಿ ಎಡವಟ್ಟಿದೆ ಎಂದು ಹುಡುಕತೊಡಗಿದೆ. ಮಾತಿನಲ್ಲಿ ಸುಳ್ಳಿಲ್ಲ. ಹುಟ್ಟದೇ ಇದ್ದವರು ಮಾಡಲು ಹೇಗೆ ಸಾಧ್ಯ? ಅಜ್ಜ ಮಾಡಿದ ತಪ್ಪಿಗೆ ಮೊಮ್ಮಗನನ್ನು ತಪ್ಪಿತಸ್ಥ ಎನ್ನುವುದು ನ್ಯಾಯವಲ್ಲ. ಹಾಗೆಯೇ 1999ರಲ್ಲಿ ಅಪ್ಪಣೆಯಂತೆ, ಅರೆಕ್ಷಣದಲ್ಲಿ ನಿರ್ಧಾರ ಮಾಡಬೇಕಾಗಿದ್ದ ಪೈಲಟ್‌ನನ್ನು ಅಡಿಗೆಮನೆಯಲ್ಲಿ ಕೂತ ನಾನು ವಿಚಾರಣೆ ಮಾಡುವುದೂ ಸರಿಯಲ್ಲ. ಗಡಿ ಕಾಯುವವರು ಕಣ್ಣುಮುಚ್ಚಿಕೊಂಡು ಕೂರಲು ಆಗುವುದಿಲ್ಲ. ಇದೆಲ್ಲ ಒಪ್ಪಿದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. “ನಾನು ಆಗ ಹುಟ್ಟೇ ಇರಲಿಲ್ಲ” ಎಂಬ ಮಾತು ಹೆಮ್ಮೆಯ ವಿಷಯ ಬಂದಾಗ ಎಲ್ಲಿಗೆ ಹೋಗುತ್ತದೆ? 1959 ಎಂದು ಬರೆಯುವಾಗ ಹುಡುಗಿ ಹುಟ್ಟಿರಲಿಲ್ಲ. ‘ನಮ್ಮ ಮನೆಯಿಂದ ಬರಿಗೈಲಿ ಹೋದವರಿಲ್ಲ’ ಎನ್ನುವಾಗ ಹೇಳುವ ಹಿರಿಯರ ಕಾಲಕ್ಕೆ ನಮ್ಮವರೂ ಹುಟ್ಟಿರಲಿಲ್ಲ, ನಾನಂತೂ ಬೇರೆ ಮನೆಯ ಹೆಣ್ಣು. ಅಲ್ಲಿ ಮಾತ್ರ ಧಾರಾಳವಾಗಿ ‘ನಮ್ಮ’ ಎನ್ನುತ್ತೇವೆ. ಚಿನ್ನದ ಪೆಟ್ಟಿಗೆ ತೆಗೆಯುವಾಗ ಮನೆಯವರು, ಸಾಲದ ಪತ್ರ ತೆಗೆಯುವಾಗ ದಾರಿಹೋಕರು. ಇದು ಯಾವ ಸೀಮೆಯ ಲೆಕ್ಕ?

ನಮ್ಮ ಹಿರಿಯರು ಪಾಪ ಬೇರೆ, ಋಣ ಬೇರೆ ಎಂದು ಎರಡು ಮಾತಿಟ್ಟಿದ್ದಾರೆ. ಸುಮ್ಮನೆ ಇಟ್ಟದ್ದಲ್ಲ ಎಂದು ಈಗ ಅನ್ನಿಸುತ್ತದೆ. ಪಾಪ ಮಾಡಿದವನದು. ಅದು ಅವನೊಡನೆ ಹೋಗುತ್ತದೆ. ಋಣ ಹಾಗಲ್ಲ, ಅದು ಮನೆಯದು. ಮನೆಯನ್ನು ಯಾರು ವಹಿಸಿಕೊಳ್ಳುತ್ತಾರೋ ಅವರ ಹೆಗಲಿಗೆ ಬರುತ್ತದೆ. ಸೊಸೆಯಾಗಿ ಬಂದವಳಿಗೂ ಬರುತ್ತದೆ. ನಮ್ಮವರು ಹೇಳಿದ್ದು ಪಾಪದ ಲೆಕ್ಕದಲ್ಲಿ ಸರಿ, ಋಣದ ಲೆಕ್ಕದಲ್ಲಿ ತಪ್ಪು. ಅವರು ತಪ್ಪಿತಸ್ಥರಲ್ಲ, ಆದರೆ ಬಾಕಿದಾರರು. ಸ್ಕ್ವಾಡ್ರನ್ನಿಗೂ ಅಷ್ಟೆ. ಇಂದು ತೇಜಸ್ ಹಾರಿಸುವ ಹುಡುಗರು ಯಾವ ತಪ್ಪನ್ನೂ ಮಾಡಿದವರಲ್ಲ. ಆದರೆ 45 ಎಂಬ ಅಂಕೆಯನ್ನು ತೋಳಿಗೆ ಕಟ್ಟಿಕೊಂಡ ಮೇಲೆ ಛಾಂಬ್‌ನಲ್ಲಿ ಮುದಿ ವಿಮಾನದಲ್ಲಿ ಹೋಗಿ ಸತ್ತ ಮೂವರೂ ಅವರವರೇ, ಕಛ್‌ನಲ್ಲಿ ಬಿದ್ದ ಹದಿನಾರು ಜನರ ನೆನಪೂ ಅವರದೇ. ಪಶ್ಚಾತ್ತಾಪ ಪಡಬೇಕೆಂದಲ್ಲ, ತಲೆ ತಗ್ಗಿಸಬೇಕೆಂದಲ್ಲ. ಲೆಕ್ಕದ ಪುಸ್ತಕದಿಂದ ಹಾಳೆ ಹರಿಯಬಾರದು, ಅಷ್ಟೆ. ಆ ಹದಿನಾರು ಮನೆಗಳಲ್ಲೂ ಹೆಂಗಸರಿದ್ದರು. ಅವರೂ ಆ ಬೆಳಗ್ಗೆ ಅಡಿಗೆ ಮಾಡಿದ್ದರು.

ಎದುರು ಮನೆಯ ಲೆಕ್ಕ ನಮಗೇಕೆ ಎಂದು ನೀವು ಕೇಳಬಹುದು. ಅದಕ್ಕೆ ನಮ್ಮ ಕೊಡಗಿನವರೊಬ್ಬರ ಕಥೆಯೇ ಉತ್ತರ. ಇದೂ ಹುಡುಗಿಯ ಹಾಳೆಗಳಲ್ಲೇ ಇತ್ತು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1ನೆಯ ಸ್ಕ್ವಾಡ್ರನ್ನಿನವರು. ಅದು ನಮ್ಮ ವಾಯುಪಡೆಯ ಹಿರಿಯ ಮನೆ, 1933ರಲ್ಲಿ ಸ್ಥಾಪನೆಯಾದದ್ದು. ಹುಟ್ಟಿದ್ದು ಕರಾಚಿಯಲ್ಲಿ. ನೋಡಿ, ಹಿರಿಯ ಮನೆಯ ತೊಟ್ಟಿಲು ಈಗ ಎದುರಿನವರ ಊರಿನಲ್ಲಿದೆ. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಅಂದು ಬದಲಿ ಆಳು. ಯಾವುದಾದರೂ ವಿಮಾನ ಕೈಕೊಟ್ಟರೆ ಹೋಗಬೇಕಾದವರು. ಅವರೂ ಹೋದರು. ಹಿಂದಿರುಗಿ ಬರಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕಾಣೆಯಾದವರು ಎಂದು ಬರೆದುಕೊಂಡರು. ಕಾಣೆಯಾದವರ ಹೆಂಡತಿ ಎಂದರೆ ಏನೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಷಯ ತಿಳಿದದ್ದು ಹದಿನಾಲ್ಕು ವರ್ಷದ ಮೇಲೆ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದವರಿಂದ ವಿವರ ಪಡೆದು 1965ರ ವಾಯುಯುದ್ಧದ ಬಗ್ಗೆ 1979ರಲ್ಲಿ ಪುಸ್ತಕ ಬರೆದರು. ಆ ದಿನ ಒಂದು ಮಿಸ್ಟೇರ್ ತನಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನಕ್ಕೆ ತಿರುಗಿ ನಿಂತು, ಏಟು ತಿಂದ ಮೇಲೂ ಹೋರಾಡಿ, ಅದನ್ನು ಉರುಳಿಸಿತ್ತು. ಸ್ಟಾರ್‌ಫೈಟರ್ ಹಾರಿಸುತ್ತಿದ್ದ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಧುಮುಕಿ ಬದುಕಿಕೊಂಡಿದ್ದರು. ನಮ್ಮವರು ಲೆಕ್ಕ ತಾಳೆ ನೋಡಿದಾಗ ಆ ಮಿಸ್ಟೇರ್ ದೇವಯ್ಯನವರದೇ ಆಗಿರಬೇಕೆಂದು ಗೊತ್ತಾಯಿತು. 1988ರಲ್ಲಿ, ಸತ್ತ 23 ವರ್ಷಗಳ ಮೇಲೆ, ಅವರಿಗೆ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು.

ಇದನ್ನು ಓದಿ ನಾನು ಬಹಳ ಹೊತ್ತು ಕೂತಿದ್ದೆ. ನಮ್ಮ ಮನೆಯ ಮಗನ ಕೀರ್ತಿ ನಮ್ಮ ಕಡತದಲ್ಲಿ ಇರಲಿಲ್ಲ, ಎದುರು ಮನೆಯವರ ನೆನಪಿನಲ್ಲಿತ್ತು. ಆ ಕಡೆಯವರೂ ಇದು ನಾವು ಸೋತ ಸಂಗತಿ ಎಂದು ಕಾಟು ಹಾಕಿದ್ದರೆ, ದೇವಯ್ಯನವರು ಇಂದಿಗೂ ಕಾಣೆಯಾದವರಾಗಿಯೇ ಉಳಿಯುತ್ತಿದ್ದರು. ನಮಗೆ ಬರಬೇಕಾದದ್ದು ಬೇರೆಯವರ ಪೆಟ್ಟಿಗೆಯಲ್ಲಿ ಇರಬಹುದು. ಹಾಗಾದರೆ ಬೇರೆಯವರಿಗೆ ಸಲ್ಲಬೇಕಾದದ್ದು ನಮ್ಮ ಪೆಟ್ಟಿಗೆಯಲ್ಲೂ ಇರಬಹುದಲ್ಲ?

ಮಾವನವರ ಹಳೆಯ ಪೆಟ್ಟಿಗೆ ಅಟ್ಟದ ಮೇಲಿತ್ತು. ಮಾರನೆಯ ದಿನ ಹುಡುಗಿಯ ಕೈಲಿ ಇಳಿಸಿದೆ. ಭೋಗ್ಯದ ಪತ್ರ ಸಿಕ್ಕಿತು. ಅದರ ಜೊತೆಗೆ ಮಾವನವರ ತಂದೆಯ ಲೆಕ್ಕದ ಪುಸ್ತಕವೂ ಸಿಕ್ಕಿತು. ಕಪ್ಪು ಶಾಯಿ ಕಂದಾಗಿದ್ದರೂ ಅಕ್ಷರ ಗುಂಡಗೆ ಸ್ಪಷ್ಟವಾಗಿತ್ತು. ಆತನ ಹೆಸರು, ತಾರೀಖು, ಮುಂದೆ ‘ಅಸಲು ಬಡ್ಡಿ ಸಹಿತ ಸಂದಾಯ’. ಅವರು ಪತ್ರ ಹಿಂದಿರುಗಿಸಲಿಲ್ಲ, ಆದರೆ ಪುಸ್ತಕದಲ್ಲಿ ಸುಳ್ಳು ಬರೆಯಲಿಲ್ಲ. ಮನುಷ್ಯ ಎಷ್ಟು ವಿಚಿತ್ರ ನೋಡಿ.

ಸಂಜೆ ನಮ್ಮವರ ಮುಂದೆ ಎರಡನ್ನೂ ಇಟ್ಟೆ. ಹುಡುಗಿ ಬಾಯಿಬಿಡುವಷ್ಟರಲ್ಲಿ ಕಣ್ಣುಸನ್ನೆಯಿಂದ ತಡೆದೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು. “ಆಯಮ್ಮ ಇದ್ದಾರೋ ಇಲ್ಲವೋ” ಎಂದರು. ಅಷ್ಟೆ. ಭಾನುವಾರ ಬೆಳಿಗ್ಗೆ ತಾವೇ ಬೇನಿಶಾ ಹಣ್ಣಿನ ಬುಟ್ಟಿ ಕಟ್ಟಿಸಿ ಕಾರಿನಲ್ಲಿಟ್ಟರು.

ಇದ್ದರು. ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ಮಗನ ಮನೆಯ ಜಗಲಿಯ ಮೇಲೆ ಕೂತಿದ್ದರು. ನಮ್ಮವರು ಜಮೀನಿನ ವಿಷಯ ಎತ್ತಿದರು. ಆ ಅಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. “ನಿಮ್ಮ ತಾತನ ಪುಸ್ತಕದಾಗೆ ನಮ್ಮಪ್ಪನ ಹೆಸರೈತಾ ಸ್ವಾಮಿ?” ಎಂದು ಕೇಳಿದರು. ಇದೆ ಎಂದರು. “ಓದಿ.” ನಮ್ಮವರು ಓದಿದರು. “ಇನ್ನೊಂದು ಸಲ ಓದಿ. ನನ್ನ ಮಗನೂ ಕೇಳಲಿ.” ಮಗ ಬಂದು ನಿಂತ. ಪಕ್ಕದ ಮನೆಯವರೂ ಬಂದರು. ಅಸಲು ಬಡ್ಡಿ ಸಹಿತ ಸಂದಾಯ. ಅಪ್ಪ ಕುಡಿದು ಜಮೀನು ಕಳೆದ ಎಂದು ಊರಿನವರು ಆಡಿಕೊಂಡಿದ್ದನ್ನು ಅರವತ್ತು ವರ್ಷಕ್ಕೂ ಮಿಕ್ಕಿ ಅವರು ಕೇಳಿಸಿಕೊಂಡೇ ಬಂದಿದ್ದರಂತೆ. ಆತ ಒಂದು ತೊಟ್ಟು ಮುಟ್ಟಿದವನಲ್ಲವಂತೆ.

ಜಮೀನಿನ ಮಾತು ಇನ್ನೂ ಮುಗಿದಿಲ್ಲ. ನಮ್ಮ ಮೈದುನನಿಗೆ ಇದು ಇಷ್ಟವಿಲ್ಲ. “ಹಳೇ ಹುಣ್ಣು ಕೆರೆದುಕೊಂಡಿರಿ ಅತ್ತಿಗೆ” ಎಂದು ಫೋನು ಮಾಡಿ ಬೇಸರಪಟ್ಟರು. ಅವರ ಸಹಿಯಿಲ್ಲದೆ ತೋಪಿನ ಮೂಲೆ ಬಿಡಿಸಿಕೊಡಲು ಬರುವುದಿಲ್ಲವೆಂದು ವಕೀಲರು ಹೇಳಿದ್ದಾರೆ. ನಮ್ಮವರು ಪಟ್ಟು ಬಿಟ್ಟಿಲ್ಲ. ಏನಾಗುವುದೋ ನೋಡಬೇಕು. ಈ ವರ್ಷ ಆ ಎರಡು ಮರಗಳ ಹಣ್ಣನ್ನು ಮಂಡಿಗೆ ಕಳಿಸಲಿಲ್ಲ.

ಹುಡುಗಿ ಮಾಲೂರಿಗೆ ಹೊರಡುವ ಹಿಂದಿನ ರಾತ್ರಿ ಭಾಷಣವನ್ನು ಮತ್ತೆ ಬರೆದಳು. ಛಾಂಬ್‌ನ ಮೂವರು ಬಂದರು. 16 ಬಂತು, ಅದರ ಹಿಂದೆ ಮುಂದೆ ಒಂದು ವಿಶೇಷಣವೂ ಇಲ್ಲದೆ. 2025ರ ನವೆಂಬರ್ 21ರಂದು ದುಬೈಯ ವಿಮಾನ ಪ್ರದರ್ಶನದಲ್ಲಿ ತೇಜಸ್ ನೆಲಕ್ಕಪ್ಪಳಿಸಿ ತೀರಿಕೊಂಡ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಅವರ ಹೆಸರನ್ನೂ ಸೇರಿಸಿದಳು. ಸೇರಿಸಿ, “ಇಷ್ಟೆಲ್ಲ ಗೊತ್ತಾದ ಮೇಲೂ ನನಗೆ ಸೇರಬೇಕು ಅನ್ನಿಸುತ್ತೆ ದೊಡ್ಡಮ್ಮ, ತಪ್ಪಾ?” ಎಂದು ಕೇಳಿದಳು.

ತಪ್ಪಲ್ಲ ಎಂದೆ. ಹೆಣ್ಣುಮಕ್ಕಳು ಒಂದು ಮನೆಗೆ ಸೇರುವಾಗ ಅದರ ಬಂಗಾರವನ್ನಷ್ಟೇ ತೋರಿಸುತ್ತಾರೆ. ಬಾಕಿಯನ್ನೂ ಕೇಳಿ ತಿಳಿದುಕೊಂಡು ಒಳಗೆ ಕಾಲಿಡುವವಳು ಆ ಮನೆಗೆ ಒಳ್ಳೆಯದನ್ನೇ ಮಾಡುತ್ತಾಳೆ.

ಭಾಷಣಕ್ಕೆ ಚಪ್ಪಾಳೆ ಕಡಿಮೆ ಬಿತ್ತಂತೆ. ಹದಿನಾರು ಎಂದಾಗ ಯಾರೂ ಹೊಡೆಯಲಿಲ್ಲವಂತೆ. ಅದನ್ನು ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಬೇಸರವಿರಲಿಲ್ಲ.